ಹಲ್ಲಿ ಬಿಡಿಸಿದ ತಪ್ಪಿಗೆ

ಹೋದ ತಿಂಗಳು ನಾನು ಮತ್ತು ನನ್ನ ಮಗಳು ಸೇರಿ ಒಂದು ಜೀವ ಉಳಿಸಿದೆವು. ಆಮೇಲೆ ಇಬ್ಬರೂ ಹೋಗಿ ಅದಕ್ಕಾಗಿ ಕ್ಷಮೆ ಕೇಳಿ ಬಂದೆವು.

ತಮಾಷೆ ಮಾಡುತ್ತಿಲ್ಲ. ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಾಗುತ್ತಿಲ್ಲ. ನಡೆದದ್ದನ್ನು ನಿಮ್ಮ ಮುಂದಿಡುತ್ತೇನೆ. ನಿಮಗೇನಾದರೂ ಹೊಳೆದರೆ ತಿಳಿಸಿ.

ನಾವು ಹೋಗಿದ್ದು ಒಗಸಾವಾರಾಕ್ಕೆ. ಪೆಸಿಫಿಕ್ ಸಮುದ್ರದ ನಡುವೆ ಇರುವ ಜಪಾನಿನ ದ್ವೀಪಗಳು. ವಿಮಾನ ಇಲ್ಲ. ಟೋಕಿಯೋದಲ್ಲಿ ಹಡಗು ಹತ್ತಿದರೆ ಇಪ್ಪತ್ನಾಲ್ಕು ಗಂಟೆ ನೀರು ನೋಡುತ್ತ ಕೂರಬೇಕು. (ಇಷ್ಟು ದೂರ ಹೋದರೂ ಸರ್ಕಾರದ ಲೆಕ್ಕದಲ್ಲಿ ಅದು ಟೋಕಿಯೋವೇ. ಅಲ್ಲಿನ ಕಾರುಗಳಿಗೂ ಟೋಕಿಯೋದ ನಂಬರ್ ಪ್ಲೇಟು. ಮೈಸೂರನ್ನು ಬೆಂಗಳೂರು ಎಂದು ಕರೆದರೆ ನಮ್ಮವರು ಸುಮ್ಮನಿರುತ್ತಾರೆಯೇ?) ನನ್ನ ಗಂಡ ಹರೀಶನಿಗೆ ನಾವಿರುವ ಯೋಕೋಹಾಮಾದ ಬಂದರಿನಲ್ಲಿ ನಿಂತ ಹಡಗು ನೋಡಿದರೇ ಹೊಟ್ಟೆ ತೊಳೆಸುತ್ತದೆ. ಅವನು ಮನೆಯಲ್ಲೇ ಉಳಿದ. ನಾನು, ಒಂಬತ್ತು ವರ್ಷದ ಪೂರ್ವಿ ಹೊರಟೆವು.

ಹೋಗುವಾಗ ನಮ್ಮ ಶೂಗಳ ಅಡಿಯನ್ನು ಒದ್ದೆ ಮ್ಯಾಟಿನ ಮೇಲೆ ಉಜ್ಜಿಸಿದರು. ಪ್ಯಾಂಟಿಗೆ ಅಂಟಿದ ಬೀಜ, ಕಸ ತೆಗೆಯಲು ಅಂಟು ರೋಲರ್ ಕೊಟ್ಟರು. ಆ ದ್ವೀಪಗಳು ಯಾವತ್ತೂ ಯಾವ ಖಂಡಕ್ಕೂ ಅಂಟಿಕೊಂಡಿರಲಿಲ್ಲವಂತೆ. ಗಾಳಿಯಲ್ಲಿ, ಅಲೆಯಲ್ಲಿ, ಹಕ್ಕಿಯ ಹೊಟ್ಟೆಯಲ್ಲಿ ಬಂದು ಬಿದ್ದ ಕೆಲವೇ ಜೀವಗಳು ಅಲ್ಲೇ ಬದಲಾಗುತ್ತ, ಬೇರೆಲ್ಲೂ ಇಲ್ಲದ ಬಸವನಹುಳು, ಚಿಟ್ಟೆ, ಗಿಡಗಳಾಗಿವೆ. ಇದನ್ನೆಲ್ಲ ಇಂಗ್ಲಿಷ್ ಬ್ರೋಷರಿನಲ್ಲಿ ಓದಿದ್ದೆ. ಓದಿ, ಮಡಚಿ, ಬ್ಯಾಗಿಗೆ ಹಾಕಿಕೊಂಡಿದ್ದೆ.

ನಾವಿದ್ದದ್ದು ಚಿಚಿಜಿಮಾದಲ್ಲಿ. ಅಂದರೆ ಅಪ್ಪನ ದ್ವೀಪ. ಪಕ್ಕದಲ್ಲಿ ಅಣ್ಣನ ದ್ವೀಪ, ದೂರದಲ್ಲಿ ಅಮ್ಮನ ದ್ವೀಪ. ಒಳ್ಳೆಯ ಅವಿಭಕ್ತ ಕುಟುಂಬ.

ವಾಪಸು ಹೊರಡುವ ದಿನ ಬೆಳಿಗ್ಗೆ ಬಂದರಿನ ಹತ್ತಿರ ಸುಮ್ಮನೆ ಅಡ್ಡಾಡುತ್ತಿದ್ದೆವು. ಒಂದು ಮರದ ಕಾಂಡಕ್ಕೆ ಅಂಟಿನ ಹಾಳೆ ಸುತ್ತಿದ್ದರು. ಅಂಗಡಿಯಲ್ಲಿ ಜಿರಳೆಗೆಂದು ಸಿಗುತ್ತದಲ್ಲ, ಅಂಥದ್ದೇ. ಅದರಲ್ಲಿ ಎಳೆ ಬಾಳೆಎಲೆಯ ಬಣ್ಣದ ಒಂದು ಹಲ್ಲಿ. (ಓತಿಕ್ಯಾತ ಎನ್ನಬೇಕೋ ಏನೋ, ನಾನು ಕಾಮರ್ಸ್ ಓದಿದವಳು.) ನಾಲ್ಕು ಕಾಲು, ಹೊಟ್ಟೆ ಎಲ್ಲ ಅಂಟಿಕೊಂಡಿದ್ದವು. ಕಣ್ಣು ಮಾತ್ರ ನಮ್ಮತ್ತ ತಿರುಗಿತು.

"ಅಮ್ಮಾ, ಇಟ್ಸ್ ಅಲೈವ್. ಏನಾದ್ರೂ ಮಾಡು," ಎಂದಳು ಪೂರ್ವಿ.

ಅಲ್ಲೊಂದು ಚೀಟಿಯೂ ಇತ್ತು. ತುಂಬ ಕಷ್ಟದ ಕಾಂಜಿ ಅಕ್ಷರಗಳು. ಹನ್ನೊಂದು ವರ್ಷದಿಂದ ಈ ದೇಶದಲ್ಲಿರುವ ನನಗೂ ಓದಲು ಬರಲಿಲ್ಲ, ಮೂರನೇ ಕ್ಲಾಸಿನ ಅವಳಿಗೂ ಬರಲಿಲ್ಲ. ಆದರೆ ಅಂಟಿಗೆ ಎಣ್ಣೆಯೇ ಮದ್ದು ಎನ್ನುವುದು ಹಲಸಿನಹಣ್ಣು ಬಿಡಿಸಿದ ಯಾರಿಗಾದರೂ ಗೊತ್ತಿರುತ್ತದೆ. ಮಗಳ ತಲೆಗೆಂದು ತಂದ ಕೊಬ್ಬರಿ ಎಣ್ಣೆ ಬ್ಯಾಗಿನಲ್ಲೇ ಇತ್ತು. ಒಂದೊಂದೇ ಕಾಲಿಗೆ ಹಚ್ಚಿ, ಬೆರಳಿನಿಂದ ಮೆಲ್ಲಗೆ ಸವರಿ, ಹತ್ತು ನಿಮಿಷದಲ್ಲಿ ಬಿಡಿಸಿದೆವು. ಬಾಲವೂ ತುಂಡಾಗಲಿಲ್ಲ.

ಪೂರ್ವಿ ಅದನ್ನು ಬೊಗಸೆಯಲ್ಲಿ ಹಿಡಿದು, ಎಲ್ಲೂ ಅಂಟಿನ ಹಾಳೆ ಕಾಣದ ಜಾಗ ಹುಡುಕುತ್ತ ನಡೆದಳು. ಸಣ್ಣ ದೋಣಿಗಳು ನಿಲ್ಲುವ ಕಟ್ಟೆಯ ಪಕ್ಕದ ಪೊದೆಯಲ್ಲಿ ಬಿಟ್ಟಳು. ನನಗೆ ಎದೆ ತುಂಬಿ ಬಂತು. ಮೈಸೂರಿನ ನಮ್ಮ ಬೀದಿಯಲ್ಲಿ ಹುಡುಗರು ಓತಿಕ್ಯಾತಗಳಿಗೆ ಕಲ್ಲು ಹೊಡೆಯುವಾಗ ನಾನು ಸುಮ್ಮನೆ ನೋಡುತ್ತ ನಿಂತಿರುತ್ತಿದ್ದೆ. ನನ್ನ ಮಗಳು ಹಾಗೆ ನಿಲ್ಲಲಿಲ್ಲವಲ್ಲ ಎಂದು ಹೆಮ್ಮೆಪಟ್ಟೆ.

ಆ ಹೆಮ್ಮೆ ಅರ್ಧ ಗಂಟೆ ಬಾಳಿತು.

ಹತ್ತಿರದಲ್ಲೇ ದ್ವೀಪದ ಪ್ರಾಣಿಗಳ ಬಗ್ಗೆ ಒಂದು ಪುಟ್ಟ ಪ್ರದರ್ಶನ ಕೊಠಡಿ. ಅಲ್ಲಿ ಮಕ್ಕಳಿಗೆಂದೇ ಸುಲಭದ ಅಕ್ಷರದಲ್ಲಿ ಬರೆದ ಒಂದು ಬೋರ್ಡಿನ ಮುಂದೆ ಪೂರ್ವಿ ನಿಂತವಳು ಅಲುಗಲೇ ಇಲ್ಲ. ಬೋರ್ಡಿನಲ್ಲಿ ನಮ್ಮದೇ ಹಲ್ಲಿಯ ಫೋಟೋ. ಅಮೆರಿಕದ್ದಂತೆ. ಎಷ್ಟೋ ದಶಕಗಳ ಹಿಂದೆ ಮನುಷ್ಯರ ಸಾಮಾನಿನ ಜೊತೆ ಬಂದಿಳಿದು, ಅಲ್ಲಿ ಮಾತ್ರ ಇದ್ದ ಚಿಟ್ಟೆ, ಜೇನ್ನೊಣ, ಏರೋಪ್ಲೇನ್ ಚಿಟ್ಟೆಗಳನ್ನೆಲ್ಲ ತಿಂದು ಮುಗಿಸುತ್ತಿದೆಯಂತೆ. ಕೆಲವು ದ್ವೀಪಗಳಿಗೆ ಇನ್ನೂ ಕಾಲಿಟ್ಟಿಲ್ಲ. ದೋಣಿ ಹತ್ತಿ ಅಲ್ಲಿಗೆ ಹೋಗದಿರಲಿ ಎಂದೇ ಬಂದರಿನ ಸುತ್ತ ಆ ಅಂಟಿನ ಹಾಳೆಗಳು.

ನಾವು ಅದನ್ನು ಬಿಟ್ಟದ್ದು ಎಲ್ಲಿ? ದೋಣಿ ನಿಲ್ಲುವ ಕಟ್ಟೆಯಲ್ಲಿ.

ಹೊರಗೆ ಬಂದು ಹರೀಶನಿಗೆ ಫೋನ್ ಮಾಡಿದೆ. "ಅಯ್ಯೋ, ಒಂದು ಹಲ್ಲಿ ಕಣೇ. ಸುಮ್ನೆ ಹಡಗು ಹತ್ತು. ವೀಸಾ ರಿನ್ಯೂವಲ್ ಬೇರೆ ಇದೆ. ಫಾರಿನರ್ಸ್ ಬಂದು ಹಿಂಗ್ ಮಾಡಿದ್ರು ಅಂತ ಪೇಪರ್‌ನಲ್ಲಿ ಬಂದ್ರೆ ಏನ್ ಗತಿ?" ಎಂದ. ಹಡಗು ಹೊರಡುವುದು ಮೂರು ಗಂಟೆಗೆ. ಬಾಯಿ ಮುಚ್ಚಿಕೊಂಡು ಹತ್ತಿದರೆ ಮುಗಿಯಿತು, ಯಾರಿಗೆ ಗೊತ್ತಾಗುತ್ತದೆ? ನಿಜ ಹೇಳುತ್ತೇನೆ, ನಾನು ಹತ್ತುವುದೆಂದೇ ತೀರ್ಮಾನಿಸಿದ್ದೆ.

"ಅಮ್ಮಾ, ಹೇಳ್ದೆ ಹೋದ್ರೆ ಝುರುಯಿ," ಎಂದಳು ಪೂರ್ವಿ. ಝುರುಯಿ ಎಂದರೆ ಮೋಸದಾಟ. ಅವಳ ಶಾಲೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಪ್ರದರ್ಶನ ಕೊಠಡಿಯವರಿಗೆ ಹೋಗಿ ಹೇಳಿದೆವು.

ಟ್ರ್ಯಾಪ್‌ಗಳನ್ನು ನೋಡಿಕೊಳ್ಳುವ ಮೊರಿತಾ ಸಾನ್ ಎಂಬವರು ಓಡಿಬಂದರು. ನಲವತ್ತರ ಆಸುಪಾಸಿನ ವಯಸ್ಸು, ಮೊಣಕೈವರೆಗೆ ಮಣ್ಣು. ಬೈಯುತ್ತಾರೆಂದು ಕಾದೆ. ಅವರು ಪೂರ್ವಿಯ ಮುಂದೆ ಮೊಣಕಾಲೂರಿ ಕೂತು, ಹೇಳಿದ್ದಕ್ಕೆ ಅರಿಗಾತೋ ಎಂದರು. ನನ್ನ ಕಡೆ ತಿರುಗಿ, ಚೀಟಿಯಲ್ಲಿ ಇಂಗ್ಲಿಷ್ ಇರಲಿಲ್ಲ, ಸುಮಿಮಾಸೆನ್ ಎಂದು ತಲೆ ಬಾಗಿಸಿದರು. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳುತ್ತಿರುವವರು ಅವರು. ಎರಡು ಬೈದಿದ್ದರೆ ವಾಸಿಯಿತ್ತು.

ಎಷ್ಟು ಉದ್ದವಿತ್ತು, ಗಂಟಲಿನ ಕೆಳಗೆ ಕೆಂಪು ಚರ್ಮ ಇತ್ತಾ, ಹೊಟ್ಟೆ ದಪ್ಪ ಇತ್ತಾ ಎಂದು ಕೇಳಿದರು. ಕೆಂಪು ಇರಲಿಲ್ಲ, ಹೊಟ್ಟೆ ಸ್ವಲ್ಪ ದಪ್ಪ ಇತ್ತು ಎಂದಳು ಪೂರ್ವಿ. ಅವರ ಮುಖ ಇಳಿದುಹೋಯಿತು. ಹೆಣ್ಣಿರಬಹುದು, ಹೊಟ್ಟೆಯಲ್ಲಿ ಮೊಟ್ಟೆಯೂ ಇರಬಹುದು ಎಂದರು. ಬಸುರಿಯನ್ನು ಕಾಪಾಡಿದರೆ ದೊಡ್ಡ ಪುಣ್ಯ ಎಂದು ಕೇಳುತ್ತ ಬೆಳೆದವಳು ನಾನು. ಇಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಅನಾಹುತವಾಗಿತ್ತು.

ಇನ್ನಿಬ್ಬರು ಬಂದರು. ಐದು ಜನ ಒಂದೂವರೆ ಗಂಟೆ ಹುಡುಕಿದೆವು. ಪೊದೆ, ಹಗ್ಗ, ರಟ್ಟಿನ ಪೆಟ್ಟಿಗೆ, ದೋಣಿಗಳ ಒಳಗೆ. ಸಿಕ್ಕಿದರೆ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಪೂರ್ವಿಯೂ ಕೇಳಲಿಲ್ಲ. ಒಂದೊಂದು ಕೊಂಬೆ ಸರಿಸುವಾಗಲೂ ಸಿಗಲಿ ಎಂದುಕೊಂಡೆನೋ, ಸಿಗದಿರಲಿ ಎಂದುಕೊಂಡೆನೋ, ದೇವರಾಣೆ ನನಗೆ ಗೊತ್ತಿಲ್ಲ.

ಸಿಗಲಿಲ್ಲ.

ನಿಮಗೆ ಇವುಗಳನ್ನು ಕಂಡರೆ ಸಿಟ್ಟೇ ಎಂದು ಮೊರಿತಾ ಸಾನ್ ಅವರನ್ನು ಕೇಳಿದೆ. ಅವರು ನಕ್ಕರು. ಚಿಕ್ಕಂದಿನಿಂದ ಹಲ್ಲಿಗಳೆಂದರೆ ಪ್ರಾಣವಂತೆ. ಆ ಪ್ರೀತಿಗೇ ಪ್ರಾಣಿಶಾಸ್ತ್ರ ಓದಿ ಇಲ್ಲಿಗೆ ಬಂದರಂತೆ. ತಮ್ಮ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ತೋರಿಸಿದರು. ಅಡುಗೆ ಎಣ್ಣೆ. ದ್ವೀಪದ್ದೇ ಆದ ಕಂದು ಬಣ್ಣದ ಹಲ್ಲಿಯೂ ಒಮ್ಮೊಮ್ಮೆ ಅಂಟಿಗೆ ಸಿಕ್ಕಿಬೀಳುತ್ತದೆ, ಅದನ್ನು ನಾವೂ ಎಣ್ಣೆ ಹಾಕಿ ಬಿಡಿಸುತ್ತೇವೆ ಎಂದರು. ಅದೇ ಮರ, ಅದೇ ಅಂಟು. ಒಂದಕ್ಕೆ ಎಣ್ಣೆ ಉಂಟು, ಇನ್ನೊಂದಕ್ಕೆ ಇಲ್ಲ.

ಆಗ ಪೂರ್ವಿ ಜಪಾನೀ ಭಾಷೆಯಲ್ಲಿ ಅವರನ್ನು ಕೇಳಿದಳು: "ಆ ಹಸಿರು ಹಲ್ಲಿ ಹುಟ್ಟಿದ್ದು ಎಲ್ಲಿ?"

"ಇಲ್ಲೇ," ಎಂದರು.

"ಅದರ ಅಮ್ಮ?"

"ಅದೂ ಇಲ್ಲೇ."

"ಹಾಗಾದ್ರೆ ಎಷ್ಟು ವರ್ಷ ಆದ್ಮೇಲೆ ಅದು ಇಲ್ಲಿಯದಾಗತ್ತೆ?"

ಕೇಳಿದವಳು ಯೋಕೋಹಾಮಾದ ಆಸ್ಪತ್ರೆಯಲ್ಲಿ ಹುಟ್ಟಿ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಹುಡುಗಿ. ಮೊರಿತಾ ಸಾನ್ ಅವಳ ಪಕ್ಕ ಕೂತರು. ಆ ಹಲ್ಲಿಯ ತಪ್ಪು ಏನೂ ಇಲ್ಲ, ತಂದವರು ಮನುಷ್ಯರು, ಆದರೆ ಚಿಟ್ಟೆಗಳಿಗೆ ಓಡಿಹೋಗಲು ಬೇರೆ ಜಾಗ ಇಲ್ಲವಲ್ಲ ಎಂದರು. ಅವರು ಹೇಳಿದ್ದೂ ನಿಜ. ನನಗೆ ಇಬ್ಬರ ಮಾತೂ ಸರಿ ಅನಿಸಿ ತಲೆ ಕೆಟ್ಟುಹೋಯಿತು.

ಹೊರಡುವ ಮುಂಚೆ, ನಾವು ಹಾಳುಮಾಡಿದ ಹಾಳೆಯ ಜಾಗಕ್ಕೆ ಅವರು ಹೊಸದೊಂದನ್ನು ಕಟ್ಟಿದರು. ಒಂದು ತುದಿ ಹಿಡಿದುಕೊಳ್ಳುತ್ತೀಯಾ ಎಂದು ಪೂರ್ವಿಯನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ಒಂಬತ್ತು ವರ್ಷ ಇವಳಿಗೆ ಯಾವ ಜೀವವನ್ನೂ ನೋಯಿಸಬೇಡ ಎಂದು ಹೇಳುತ್ತ ಬಂದವಳು ನಾನು. "ಹೂಂ, ಹಿಡ್ಕೋ ಪುಟ್ಟ," ಎಂದೆ. ಅವಳು ಹಿಡಿದಳು, ಸುಕ್ಕಾಗದ ಹಾಗೆ, ನೆಟ್ಟಗೆ. ಆ ಕ್ಷಣ ನನಗೆ ಬಹಳ ಸಂಕಟವಾಯಿತು.

ಹಡಗಿನಲ್ಲಿ ಅವಳು ಆ ವಿಷಯ ಎತ್ತಲಿಲ್ಲ. ಮನೆಗೆ ಬಂದ ಮೇಲೂ ಎತ್ತಲಿಲ್ಲ. ಮರೆತಿದ್ದಾಳೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಮೊರಿತಾ ಸಾನ್ ಮಾತ್ರ ಒಂದು ಇಮೇಲ್ ಕಳಿಸಿದ್ದರು. ಕಟ್ಟೆಯ ಸುತ್ತ ಇನ್ನಷ್ಟು ಹಾಳೆ ಕಟ್ಟಿದ್ದಾರೆ, ಇನ್ನೂ ಏನೂ ಸಿಕ್ಕಿಲ್ಲ.

ಮೊನ್ನೆ ಭಾನುವಾರ ನಮ್ಮ ಬಾತ್‌ರೂಮಿನ ಗೋಡೆಯ ಮೇಲೆ ಅಂಗೈ ಅಗಲದ ಜೇಡ. ಇಂಥದ್ದು ಬಂದರೆ ಗ್ಲಾಸು ಮುಚ್ಚಿ, ಅಡಿಗೆ ರಟ್ಟು ತೂರಿಸಿ, ಬಾಲ್ಕನಿಗೆ ಬಿಟ್ಟು ಬರುವುದು ಪೂರ್ವಿಯ ಕೆಲಸ. ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲವಲ್ಲ ಎಂದು ಹೋಗಿ ನೋಡಿದೆ.

ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಮೆಲ್ಲಗೆ ಕೇಳಿದಳು:

"ಅಮ್ಮಾ, ಇದು ಇಲ್ಲೀದಾ, ಹೊರಗಿಂದ ಬಂದಿರೋದಾ?"