ಖಾಲಿ ಕುರ್ಚಿಯ ಚಿತ್ರ ಹೊತ್ತು ಸುರತ್ಕಲ್‌ಗೆ

ನಂತೂರಿನಲ್ಲಿ ಬಸ್ಸು ಹತ್ತುವಾಗ ಬೆಳಿಗ್ಗೆ ಒಂಬತ್ತೂಕಾಲು. ಲಾರಿಗಳ ನಡುವೆ ನುಗ್ಗಿ ನಿಂತ ಬಸ್ಸಿಗೆ ತಂಗಿ ಶ್ವೇತ ಮೊದಲು ಹತ್ತಿದಳು, ಹಿಂದೆ ಫ್ಲೆಕ್ಸಿನ ಉದ್ದ ಸುರುಳಿ ಹಿಡಿದು ನಾನು. "ಅದಕ್ಕೆ ಕೂಡ ಸೀಟು ಬೇಕಾ ಮಾರಾಯ?" ಎಂದ ಕಂಡಕ್ಟರ್. ಸುರತ್ಕಲ್‌ಗೆ ಹೆಚ್ಚೆಂದರೆ ಹದಿನೈದು ಕಿಲೋಮೀಟರ್. ಅಷ್ಟು ದಾರಿಗೆ ಒಂದೂಕಾಲು ಗಂಟೆ ಹಿಡಿಯಿತು. ಹೆಸರಿಗೆ ಹೆದ್ದಾರಿ.

ಹನ್ನೊಂದಕ್ಕೆ ಅಲ್ಲಿನ ಒಂದು ಕಾಲೇಜಿನಲ್ಲಿ ಶ್ವೇತ ಮಾತಾಡಬೇಕಿತ್ತು. ಅವರಿಗೆ ಒಪ್ಪಿಗೆಯಾದರೆ ಜರ್ಮನ್ ಕಲಿಸುವ ಕೆಲಸ ಸಿಗುತ್ತದೆ. ಎರಡು ವರ್ಷದಿಂದ ಅವಳು ಕಾದದ್ದು ಇದಕ್ಕೇ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಕಾಲೇಜಿನಲ್ಲಿ ಪ್ರೊಜೆಕ್ಟರ್ ಕೆಟ್ಟಿದೆಯೆಂದು, ಅವಳು ತೋರಿಸಬೇಕಾದ ಒಂದು ಹಳೆಯ ಚಿತ್ರವನ್ನು ದೊಡ್ಡದು ಮಾಡಿ ಕೊಡಲು ಹದಿನೈದು ದಿನ ಮೊದಲೇ ಒಪ್ಪಿಕೊಂಡಿದ್ದೆ. ಮಾಡಿದ್ದು ಹಿಂದಿನ ದಿನ ಸಂಜೆ, ಗಡಿಬಿಡಿಯಲ್ಲಿ. ಅದಕ್ಕೆ ಮೊದಲು ಒಬ್ಬ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಇತ್ತು. ಹೋದ ವರ್ಷದ್ದೇ ಫೋಟೊ. ಅದರಲ್ಲಿ ಅವರ ಪಕ್ಕ ನಿಂತವ ಈಗ ಬೇರೆ ಪಕ್ಷ, ಅವನನ್ನು ತೆಗೆಯಬೇಕು. ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು.

ಕೂಳೂರು ಸೇತುವೆಗೆ ಬಂದಾಗ ಬಸ್ಸು ನಿಂತೇಬಿಟ್ಟಿತು. ಮುಂದೆ ಟ್ಯಾಂಕರ್, ಪಕ್ಕದಲ್ಲಿ ಟ್ಯಾಂಕರ್, ಕೆಳಗೆ ಹೊಳೆ, ಮೇಲೆ ಬಿಸಿಲು. ಶ್ವೇತ ಅಭ್ಯಾಸಕ್ಕೆಂದು ತನ್ನ ಮಾತನ್ನು ನನಗೆ ಒಪ್ಪಿಸತೊಡಗಿದಳು. ಜರ್ಮನಿಯಲ್ಲಿ ಸರ್ವಾಧಿಕಾರಿಯ ಕಾಲದಲ್ಲಿ ಸಿನಿಮಾ, ಪೋಸ್ಟರು, ಫೋಟೊ ಎಲ್ಲ ಸರಕಾರ ಹೇಳಿದ್ದನ್ನೇ ಹೇಳಿದವಂತೆ. ಯುದ್ಧ ಮುಗಿದ ಮೇಲೆ ಬರೆಯಲು ಕೂತವರಿಗೆ ಚಿತ್ರದ ಮೇಲೆ ನಂಬಿಕೆ ಹೋಗಿತ್ತು, ಚಿತ್ರವನ್ನು ಬಿಡಲೂ ಆಗುತ್ತಿರಲಿಲ್ಲ. ದೇಶ ಎರಡಾಗಿ ನಡುವೆ ಗೋಡೆ ಎದ್ದಾಗ ಪೂರ್ವದವರು ಮನೆಯೊಳಗೆ ಕೂತು ಪಶ್ಚಿಮದ ಟಿವಿ ನೋಡುತ್ತಿದ್ದರು. ಅದೂ ಕಾದಂಬರಿಗಳೊಳಗೆ ಬಂತು. ಲೇಖಕರು ಸಿನಿಮಾದ ಹಾಗೆ ತುಂಡು ತುಂಡಾಗಿ ಕತೆ ಹೇಳಿದರು, ಪುಟದ ನಡುವೆ ಹಳೆಯ ಫೋಟೊ ಹಾಕಿ ಅದನ್ನೇ ಅನುಮಾನಿಸಿದರು.

"ನಿನ್ನ ಚಿತ್ರ ಇಲ್ಲಿ ಬರ್ತದೆ ಅಣ್ಣ. ಸರಕಾರಕ್ಕೆ ಬೇಡವಾದ ಒಬ್ಬನನ್ನು ಸಭೆಯ ಫೋಟೊದಿಂದ ಅಳಿಸಿದ್ದಾರೆ. ಒಂದು ಖಾಲಿ ಕುರ್ಚಿ ಉಂಟಲ್ಲ? ನನ್ನ ಮಾತು ನಿಂತದ್ದೇ ಅದರ ಮೇಲೆ."

ನಾನು ಸುರುಳಿಯನ್ನು ಕಾಲಿನ ಹಿಂದಕ್ಕೆ ಸರಿಸಿದೆ. ನಮ್ಮ ಕೆಲಸದಲ್ಲಿ ಖಾಲಿ ಜಾಗ ಎಂದರೆ ತಪ್ಪು. ಅಲ್ಲಿ ಶುಭ ಕೋರುವವರ ಇನ್ನೂ ನಾಲ್ಕು ತಲೆ ಹಿಡಿಯುತ್ತಿತ್ತಲ್ಲ ಎಂದು ಗಿರಾಕಿ ಬೈಯುತ್ತಾನೆ. ಹಾಗಾಗಿ ಕೈ ತನ್ನಷ್ಟಕ್ಕೇ ತುಂಬಿಸುತ್ತದೆ. ಆ ಕುರ್ಚಿ ಬೋಳಾಗಿ ಕಂಡಿತ್ತು. ಪಕ್ಕದ ಕೋಟಿನವನನ್ನೇ ನಕಲು ಮಾಡಿ, ಮಗ್ಗುಲು ತಿರುಗಿಸಿ ಕೂರಿಸಿದ್ದೆ. ಚೆಂದ ಬಂದಿತ್ತು ಕೂಡ.

ಹೇಳಬಹುದಿತ್ತು. ಸೇತುವೆ ಮೇಲೆ ಇಪ್ಪತ್ತು ನಿಮಿಷ, ಪಣಂಬೂರಿನಲ್ಲಿ ಇನ್ನೂ ಹತ್ತು. ಮೂಲ ಚಿತ್ರ ಅವಳ ಮೊಬೈಲಿನಲ್ಲೇ ಇತ್ತು. ಸುರತ್ಕಲ್‌ನಲ್ಲಿ ಇಳಿದು ಚಿಕ್ಕದಾಗಿಯಾದರೂ ಪ್ರಿಂಟ್ ತೆಗೆಸಬಹುದಿತ್ತು. ನಾನು ಟ್ಯಾಂಕರ್‌ಗಳನ್ನು ಬೈಯುತ್ತಾ ಕೂತೆ. ಇಳಿದ ಮೇಲೆ ಹೋಟೆಲಿನಲ್ಲಿ ಬನ್ಸ್ ತಣ್ಣಗಾಗಿದೆ ಎಂದು ಜಗಳಾಡಿದೆ. ಅದೊಂದನ್ನು ಮಾತ್ರ ಹೇಳಲಿಲ್ಲ.

ಸುರುಳಿ ಬಿಚ್ಚಿದ್ದು ಇಪ್ಪತ್ತು ಜನರ ಎದುರು. ಖಾಲಿ ಕುರ್ಚಿ ತೋರಿಸಲು ಶ್ವೇತ ಕೈ ಎತ್ತಿದಳು. ಅಲ್ಲಿ ಒಬ್ಬ ಕೂತಿದ್ದ. ಮುಂದಿನ ಸಾಲಿನ ಪ್ರೊಫೆಸರರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಇವರಿಬ್ಬರು ಅವಳಿಗಳಾ ಮೇಡಂ?" ಎಂದರು. ಎಲ್ಲ ನಕ್ಕರು. ಚಿತ್ರ ತಪ್ಪಾಗಿದೆ ಎಂದು ಕ್ಷಮೆ ಕೇಳಿ, ಅದನ್ನು ಸುತ್ತಿ ಬದಿಗಿಟ್ಟು, ಅವಳು ಬಾಯಿಮಾತಿನಲ್ಲೇ ಮುಗಿಸಿದಳು. ತಪ್ಪು ಮಾಡಿದವ ಕೊನೆಯ ಸಾಲಿನಲ್ಲಿ ಇದ್ದಾನೆಂದು ಹೇಳಲಿಲ್ಲ. ಕೆಲಸದ ಬಗ್ಗೆ ಆಮೇಲೆ ತಿಳಿಸುತ್ತೇವೆ ಎಂದರು ಕಾಲೇಜಿನವರು.

ಹಿಂದಿರುಗುವಾಗ ಕೂಳೂರಿನಲ್ಲಿ ಮತ್ತೆ ಬಸ್ಸು ನಿಂತಿತು. ಹೋಗುವಾಗ ಇಲ್ಲೇ ನನಗೆ ಗೊತ್ತಾಗಿತ್ತು ಎಂದು ಒಪ್ಪಿಕೊಂಡೆ. ಅವಳು ಹೊಳೆಯನ್ನೇ ನೋಡುತ್ತಿದ್ದಳು.

"ಕುರ್ಚಿಯಲ್ಲಿ ಅವನನ್ನು ಕೂರಿಸಿದ್ದು ಸಾಯಲಿ," ಎಂದಳು. "ಬನ್ಸಿಗೆ ಜಗಳಾಡ್ಲಿಕ್ಕೆ ನಿನಗೆ ಬಾಯಿ ಇತ್ತಲ್ಲ."

ನಂತೂರಿನಲ್ಲಿ ಇಳಿದರೆ ಎದುರಿಗೇ ನಾನು ಮಾಡಿದ ಹುಟ್ಟುಹಬ್ಬದ ಫ್ಲೆಕ್ಸ್. ಬೆಳಿಗ್ಗೆ ಅದರ ಬೆನ್ನು ಮಾತ್ರ ಕಂಡಿತ್ತು. ನಾಯಕರು ಕೈ ಮುಗಿದು ನಗುತ್ತಿದ್ದರು. ಶ್ವೇತ ರಸ್ತೆ ದಾಟದೆ ನಿಂತಳು. ಪಕ್ಕದವನನ್ನು ಪೂರ್ತಿ ತೆಗೆದಿದ್ದೇನೆ ಎಂದುಕೊಂಡಿದ್ದೆ. ನಾಯಕರ ಹೆಗಲ ಮೇಲೆ ನಾಲ್ಕು ಬೆರಳು, ಒಂದು ಉಂಗುರ ಹಾಗೇ ಉಳಿದಿತ್ತು.

"ಆ ಕೈ ಯಾರದ್ದು ಅಣ್ಣ?"

ಈ ಸಲ ತಡಮಾಡದೆ ಹೇಳಿದೆ. ಅವನ ಹೆಸರು, ಪಕ್ಷ, ತೆಗೆಯಲು ಹೇಳಿದವರು, ಎಲ್ಲ. ಅವಳು ಮೊಬೈಲ್ ಎತ್ತಿ ಆ ಬೆರಳುಗಳ ಫೋಟೊ ತೆಗೆದಳು.

"ಇನ್ನೊಮ್ಮೆ ಮಾತಾಡುವಾಗ ಇದನ್ನೇ ತೋರಿಸ್ತೇನೆ. ಇದಕ್ಕೆ ನೀನು ಕೈ ಹಾಕ್ಬೇಡ," ಎಂದು ರಸ್ತೆ ದಾಟಿದಳು.