ಸುವೈಕಿನ ಬೇಟೆಯೂಟ

ಮಸ್ಕತ್ತಿನಿಂದ ದೂರದ ಸುವೈಕ್ ಎಂಬ ಊರಿನ ಒಂದು ಮನೆಯ ಚಾವಡಿಯಲ್ಲಿ ಅಂದು ನಾವು ನಾಲ್ವರಿದ್ದೆವು: ಬಾಗಲಕೋಟೆ ಕಡೆಯ ಪಾಟೀಲರು, ನಾನು, ನಮ್ಮಿಬ್ಬರ ಆಫೀಸಿನ ಸಾಲಿಮ್, ಮನೆಯ ಯಜಮಾನರಾದ ಅವನ ದೊಡ್ಡಪ್ಪ ಹಮದರು. ನಡುವೆ ತಟ್ಟೆ ತುಂಬ ಖರ್ಜೂರವಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂದೆ ನಡೆದ ಅನಾಹುತದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತದ್ದು ಅದೊಂದೇ.

ಪಾಟೀಲರು ಮೊಟ್ಟೆ ಇದ್ದೀತೆಂಬ ಸಂಶಯಕ್ಕೆ ಕೇಕನ್ನೂ ಮುಟ್ಟದ ಶಾಕಾಹಾರಿ. ಕಂಪನಿಯಲ್ಲಿ ನೀರು, ಪರಿಸರ ನೋಡಿಕೊಳ್ಳುವ ಇಂಜಿನಿಯರ್. ಮಾಂಸ ತಿನ್ನದವರಿಗೆ ಮಾಂಸದ ಬಗ್ಗೆ ಇರುವಷ್ಟು ವಿಚಾರ ತಿನ್ನುವವರಿಗೆ ಇರುವುದಿಲ್ಲ. ನಮ್ಮ ಬಾಯಿಗೆ ಬಿಡುವಿದ್ದರಲ್ಲವೇ?

"ಮಾಂಸ ಬಿಡ್ರಿ ಅಂತ ನಾ ಅನ್ನಂಗಿಲ್ರಿ ಶೆಟ್ರ," ಎಂದು ಅವರು ಶುರುಮಾಡಿದರು. "ತಿಂದ್ರ ಬ್ಯಾಟಿ ಆಡಿದ್ದು ತಿನ್ರಿ. ಅಡವ್ಯಾಗಿನ ಚಿಗರಿಗೆ ಯಾರರ ಬಾವಿ ತೋಡ್ತಾರೇನು? ಇಲ್ಲೆ ನೋಡ್ರಿ, ಆಡಿನ ಮೇವಿಗಂತ ನೀರು ಎತ್ತಿ ಎತ್ತಿ ಬಾವ್ಯಾಗ ಸಮುದ್ರ ಬಂದು ಕುಂತದ. ಕೋಳಿ ನೋಡಿದ್ರ ಐಸಿನ್ಯಾಗ ಮಲಗಿ ಎರಡು ಸಮುದ್ರ ದಾಟಿ ಬರ್ತೈತಿ!"

"ನೀವು ತಿನ್ನುವುದಿಲ್ಲ, ನಮಗೆ ಬಡಿಸ್ತೀರಿ. ಒಳ್ಳೆ ಕತೆ ಮಾರಾಯ್ರೇ!" ಎಂದೆ.

ಆದರೆ ಮಾತಿನಲ್ಲಿ ಹುರುಳಿತ್ತು. ಹಮದರ ತೋಟದ ಬಾವಿಯೂ ಉಪ್ಪಾಗಿತ್ತು. ಅಂಚಿನ ಖರ್ಜೂರದ ಮರಗಳು ತಲೆ ಬಾಗಿಸಿ ನಿಂತಿದ್ದವು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ಉಪನ್ಯಾಸವಾಗುತ್ತಿತ್ತು. ಸಾಲಿಮ್ ಕಾಫಿ ತರಲು ಒಳಗೆ ಹೋದದ್ದೇ, ಪಾಟೀಲರು ಹಮದರತ್ತ ತಿರುಗಿ ತಮಗೆ ಬರುವ ಅಷ್ಟೂ ಅರಬ್ಬಿಯನ್ನು ಒಟ್ಟುಮಾಡಿ ಘೋಷಿಸಿದರು: "ಕುಲ್ಲು ನಫರ್ ಲಾಜಿಮ್ ಆಕುಲ್ ಸೈದ್!" ಪ್ರತಿಯೊಬ್ಬನೂ ಬೇಟೆಯನ್ನೇ ತಿನ್ನಬೇಕು ಎಂದರ್ಥ.

ಹಮದರು ಬೆಚ್ಚಿಬಿದ್ದರು. "ಕುಲ್ಲು ನಫರ್?" ಎಂದು ಕೇಳಿದರು. ಪಾಟೀಲರು ಎರಡೂ ಕೈ ಅಗಲಿಸಿ, "ಕುಲ್ಲು!" ಎಂದರು. ಮುದುಕರು ಗಡ್ಡ ನೀವಿಕೊಂಡು ತುಸು ಯೋಚಿಸಿ, ಮುಂದಿನ ಶುಕ್ರವಾರ ಬನ್ನಿ, ನಿಮಗೆ ಸೈದ್ ತಂದಿಟ್ಟಿರುತ್ತೇನೆ ಎಂದರು.

ಈಗ ಬೆಚ್ಚುವ ಸರದಿ ನಮ್ಮದು. ಈ ದೇಶದಲ್ಲಿ ಜಿಂಕೆಯ ಮೇಲೆ ಕೋವಿ ಎತ್ತಿದರೆ ಜೈಲು. ಸಾಲದ್ದಕ್ಕೆ ಅವು ಎಣ್ಣೆಯ ಬೆಲೆ ಬಿದ್ದ ವರ್ಷಗಳು. ಆಫೀಸಿನಲ್ಲಿ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಕೆಮ್ಮಿದರೂ ವೀಸಾ ಕೊಟ್ಟ ಧಣಿ ಕಫೀಲನ ಕಿವಿಗೆ ಬಿದ್ದೀತೆಂದು ನಾವು ಕರವಸ್ತ್ರ ಅಡ್ಡ ಹಿಡಿಯುತ್ತಿದ್ದ ಕಾಲ.

ಮಸ್ಕತ್ತಿಗೆ ಮರಳುವ ದಾರಿಯುದ್ದಕ್ಕೂ ಪಾಟೀಲರ ಮುಖ ಸುಣ್ಣದ ಹಾಗಿತ್ತು. "ಶೆಟ್ರ, ಆ ಹಿರ್ಯಾ ನನ್ನ ಮಾತು ಕೇಳಿ ಚಿಗರಿ ಹೊಡದ್ರ?"

"ಹೊಡೆದ್ರೆ ಎಂತ? ಅವರು ಜೈಲಿಗೆ, ನಾವು ಏರ್‌ಪೋರ್ಟಿಗೆ."

"ನಾ ಹೇಳಿದ್ದು ತತ್ವ ರೀ!"

"ತತ್ವದ ಕೈಗೆ ಕೋವಿ ಕೊಟ್ಟವರು ಯಾರು?"

ಮಸ್ಕತ್ತಿನ ಹಮ್ರಿಯಾದ ನನ್ನ ಮನೆಯಲ್ಲಿ ಅಂದು ರಾತ್ರಿ ಹಳೆಯ ಪಾಠವೊಂದು ನೆನಪಾಯಿತು. ಹಳಗನ್ನಡದಲ್ಲಿ 'ಬೇಟ' ಎಂದರೆ ಒಲವು, 'ಬೇಂಟೆ' ಎಂದರೆ ಶಿಕಾರಿ. ಒಂದು ಸೊನ್ನೆ, ಕೊನೆಯಲ್ಲೊಂದು ಎತ್ವ, ಅಷ್ಟೇ ಅಂತರ. ಇದನ್ನು ನನಗೆ ಹೇಳಿಕೊಟ್ಟ ಸೋದರಮಾವ, ಎರಡರಲ್ಲೂ ಮೊದಲು ಸಿಕ್ಕಿಬೀಳುವುದು ಬಾಯಿ ಬಿಟ್ಟವನೇ ಎಂದು ಸೇರಿಸುತ್ತಿದ್ದರು. ಪಾಟೀಲರ ಗತಿ ನೆನೆದು ಮಾವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಫೀಸು ತೆರೆದ ಕೂಡಲೇ ಸಾಲಿಮನನ್ನು ಮೂಲೆಗೆ ಕರೆದೆವು. ನಮ್ಮ ಮೂವರ ನಡುವಿನ ಭಾಷೆ ಹಿಂದಿ. "ನಿನ್ನ ದೊಡ್ಡಪ್ಪ ಸೈದ್‌ಗೆ ಹೋಗುವುದುಂಟೋ?" ಎಂದು ಪಿಸುಗುಟ್ಟಿದೆ.

"ಹುಟ್ಟಿದಾಗಿನಿಂದ! ಅಜ್ಜನೂ ಹೋಗುತ್ತಿದ್ದ."

ಪಾಟೀಲರು ಗೋಡೆ ಹಿಡಿದುಕೊಂಡರು. "ಪೊಲೀಸರು?"

"ಅವರೂ ಬಂದು ಕೊಂಡುಹೋಗುತ್ತಾರೆ. ಸರ್ಕಾರವೇ ಲೈಸೆನ್ಸ್ ಕೊಟ್ಟಿದೆಯಲ್ಲ? ದೋಣಿಗೂ, ಬಲೆಗೂ."

"ಚಿಗರಿಗೆ ದೋಣಿ ಯಾಕ್ರಿ ಶೆಟ್ರ?" ಎಂದು ಪಾಟೀಲರು ಕನ್ನಡದಲ್ಲಿ ನನ್ನನ್ನೇ ಕೇಳಿದರು.

ನಾನು ಅದನ್ನು ಹಿಂದಿಗಿಳಿಸಿದೆ. ಸಾಲಿಮ್ ನಕ್ಕ ನಗೆಗೆ ಪಕ್ಕದ ಕೋಣೆಯವರು ಎದ್ದು ನೋಡಿದರು. ಅರಬ್ಬಿಯಲ್ಲಿ ಸೈದ್ ಎಂದರೆ ಬೇಟೆಯೂ ಹೌದು, ಮೀನು ಹಿಡಿಯುವುದೂ ಹೌದು. ಹಮದರು ತೋಟದ ಯಜಮಾನರೆಂದಷ್ಟೇ ನಾವು ತಿಳಿದಿದ್ದೆವು. ಅವರ ಮನೆ ನಡೆಸಿದ್ದು ಕಡಲು.

ಪಾಟೀಲರು ಗೋಡೆ ಬಿಟ್ಟರು. ಆದರೆ ನಾನು ಹಿಡಿದುಕೊಳ್ಳಬೇಕಾಯಿತು. ಬೇಟೆಯೆಂದರೆ ಹೌಹಾರಿದ ನಾನು ಮೂರು ಹೊತ್ತೂ ತಿಂದು ಬೆಳೆದದ್ದಾದರೂ ಏನನ್ನು? ಯಾರೂ ಸಾಕದ, ಯಾರೂ ಮೇವು ಹಾಕದ, ತನ್ನಷ್ಟಕ್ಕೆ ತಿರುಗುತ್ತಿದ್ದ ಕಾಡುಪ್ರಾಣಿಯನ್ನು! ನನ್ನ ಅಜ್ಜಿಯ ಲೆಕ್ಕದಲ್ಲಿ ಮೀನು ತರಕಾರಿಯ ದಾಯಾದಿ. "ಇವತ್ತು ಮಾಂಸ ಬೇಡ" ಎಂದ ದಿನವೂ ಒಲೆಯ ಮೇಲೆ ಮೀನುಸಾರು ಕುದಿಯುತ್ತಿತ್ತು. ಕರಾವಳಿಯ ನಮ್ಮೂರಿನಲ್ಲೂ 'ಮೀನುಬೇಟೆ' ಎನ್ನುತ್ತೇವೆ. ಎನ್ನುತ್ತ ಎನ್ನುತ್ತ ಆ ಬೇಟೆ ಕಿವಿಗೇ ಬೀಳದಂತಾಗಿದೆ. ಕಡಲು ನಮ್ಮ ಕಾಡು. ನಾವು ಉಪ್ಪು ಹಚ್ಚಿದ ಬೇಡರು.

ಶುಕ್ರವಾರ ಹೋದೆವು. ಕಾದ ಕಬ್ಬಿಣದ ಮೇಲೆ ಸುಟ್ಟ ಅಂಜಲ್ ಮೀನು ಅನ್ನದ ಮೇಲೆ ಮಲಗಿತ್ತು. ನಾನು ಕೈ ಹಾಕುವಷ್ಟರಲ್ಲಿ ಹಮದರು ಗಂಟಲು ಸರಿಮಾಡಿಕೊಂಡು ಏನೋ ಕೇಳಿದರು. ಸಾಲಿಮ್ ಹಿಂದಿಗೆ ತಂದ: "ಅವತ್ತು ಕುಲ್ಲು ನಫರ್ ಎಂದಿರಲ್ಲ, ಎಷ್ಟು ಜನ? ಮಸ್ಕತ್ತಿನವರೂ ಸೇರಿಯೋ?"

ಪಾಪ, ಆಫೀಸು ತೆರೆಯುವವರೆಗೆ ನಾವು ನಿದ್ದೆಗೆಟ್ಟಿದ್ದರೆ ಅವರು ವಾರವಿಡೀ ನಿದ್ದೆಗೆಟ್ಟಿದ್ದರು. ಹಮ್ರಿಯಾ, ರೂವಿ ಬಡಾವಣೆಗಳೆಲ್ಲ ತಟ್ಟೆ ಹಿಡಿದು ತಮ್ಮ ದಡಕ್ಕೆ ಬಂದಂತೆ ಅವರಿಗೆ ಕಂಡಿತ್ತಂತೆ.

ಪಾಟೀಲರು ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನಾ ಹೇಳಿದ್ದು ಖರೇ ಐತ್ರಿ ಶೆಟ್ರ. ಆದ್ರ ಅರ್ಧಾ ಹೇಳೇನಿ. ಅಡವಿ ಕೊಟ್ಟಷ್ಟ ತಿನ್ನಬೇಕು. ಎಲ್ಲಾರೂ ತಿಂತೀವಂದ್ರ ಅದು ಎಲ್ಲಿಂದ ಕೊಡ್ತದ?" ಎಂದರು. ಹಮದರಿಗೆ ಮಾತ್ರ, "ಅನಾ ಮಾಫಿ ಆಕುಲ್," ನಾನು ತಿನ್ನುವುದಿಲ್ಲ, ಎಂದಷ್ಟೇ ಹೇಳಿದರು.

"ಅಲ್‌ಹಮ್ದುಲಿಲ್ಲಾ," ಎಂದರು ಹಮದರು. ಒಬ್ಬನಾದರೂ ಕಡಿಮೆಯಾದನಲ್ಲ.

ಆ ಬೇಸಗೆ ಮುಗಿಯುವ ಮುನ್ನ ಸಾಲಿಮನ ಕುರ್ಚಿಯೂ ಖಾಲಿಯಾಯಿತು. ಅವನು ಸುವೈಕಿಗೆ ಮರಳಿ ದೊಡ್ಡಪ್ಪನ ದೋಣಿ ಹತ್ತಿದ. ಅಷ್ಟರಲ್ಲೇ ಅಂಜಲ್ ಮೊಟ್ಟೆಯಿಡುವ ಕಾಲವೆಂದು ಸರ್ಕಾರ ಅದನ್ನು ಹಿಡಿಯುವುದನ್ನು ನಿಷೇಧಿಸಿತು. ಕದ್ದು ತಂದರೆ ಕೊಳ್ಳುವವರಿದ್ದರು. ಸಾಲಿಮನಿಗೆ ಮೂವರು ಮಕ್ಕಳು. ಹಮದರು ಅವನೊಂದಿಗೆ ವಾದಕ್ಕೆ ಹೋಗಲಿಲ್ಲ. ಅಂಜಲಿನ ಬಲೆಯನ್ನು ಮಡಚಿ, ತಮ್ಮ ಮಂಚದ ಮೇಲೆ ಹಾಸಿಗೆಯಡಿ ಹಾಸಿಕೊಂಡು, ನಿಷೇಧ ಮುಗಿಯುವವರೆಗೂ ಅದರ ಮೇಲೆಯೇ ಮಲಗಿದರು. ಸಾಲಿಮ್ ಸಣ್ಣ ಬಲೆ ಹಾಕಿ ನಿಷೇಧವಿಲ್ಲದ ಬೂತಾಯಿ ಮೀನು ಹಿಡಿದ. ನಾವು ಅದನ್ನೇ ತಿಂದೆವು.