ಅರೆಕೆರೆ ಶಿವರಾಮನ ಮೊದಲ ಕ್ಯಾಸೆಟ್ಟು

ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ಅರೆಕೆರೆಯ ಶಿವರಾಮ ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದ. ಹಿಂದಿನ ರಾತ್ರಿಯೆಲ್ಲ ಹೂವಿನ ಪಲ್ಲಕ್ಕಿಯ ಮುಂದೆ ಆರ್ಕೆಸ್ಟ್ರಾದಲ್ಲಿ ಹಾಡಿ ಬಂದಿದ್ದರಿಂದ ಗಂಟಲು ಉರಿಯುತ್ತಿತ್ತು. ಹೆಂಡತಿ ಶ್ವೇತ ಶುಂಠಿ, ಮೆಣಸು ಕುದಿಸಿ ಕೊಟ್ಟಿದ್ದ ಕಷಾಯ ಕುಡಿದಾಗಿತ್ತು. ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದನ್ನೇ ನೆಪ ಮಾಡಿಕೊಂಡು ಅವನು ಯಾರ ಜೊತೆಗೂ ಮಾತಾಡದೆ ಕಣ್ಣು ಮುಚ್ಚಿದ್ದ. ಆಗ ಮೇಲಿನ ಮನೆಯಿಂದ ಒಂದು ಹಾಡು ಕೇಳಿಸಿತು.

ಮೊದಲು ಗಿಟಾರು. ಆಮೇಲೆ ಒಬ್ಬ ಗಂಡಸಿನ ದನಿ. ಅವಸರವಿಲ್ಲದ, ಸ್ವಲ್ಪ ಒಡೆದ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಮುಂದೆ ಹೋಗುವ ದನಿ. ಯಾರೋ ಚೆನ್ನಾಗಿ ಹಾಡುತ್ತಿದ್ದಾರೆ ಎಂದುಕೊಂಡ ಶಿವರಾಮ. ಹೊಟ್ಟೆಕಿಚ್ಚೂ ಆಯಿತು. ಮೂವತ್ತೈದು ದಾಟಿದ ಮೇಲೆ, ಇಷ್ಟು ಬಿಡುಬೀಸಾಗಿ ಹಾಡುವವರ ಮೇಲೆ ಅವನಿಗೆ ಅಷ್ಟಿಷ್ಟು ಹೊಟ್ಟೆಕಿಚ್ಚು ಸಹಜವಾಗಿತ್ತು. ಅಷ್ಟರಲ್ಲಿ ಪಲ್ಲವಿ ಬಂತು:

ಕಲ್ಲು ನೆಟ್ಟರು ಹೊಲದಾಗೆ,
ಬೆಳೆಯೋದು ಏನು ಹೇಳವ್ವ...

ಅವನು ಎದ್ದು ಕೂತ. ಆ ಸಾಲು ಬರೆದವನು ಅವನೇ. ಹಾಡುತ್ತಿರುವವನೂ ಅವನೇ.

ಅವನದೇ ಆದ ಮೇಲಿನ ಮನೆಯಲ್ಲಿ ಬಾಡಿಗೆಗೆ ಇದ್ದವರು ಬಸವಂತ ಮತ್ತು ಜಯಾ, ಬಾಗಲಕೋಟೆ ಕಡೆಯ ಹೊಸ ಗಂಡಹೆಂಡತಿ. ಬಸವಂತ ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುತ್ತಿದ್ದ. ಜಯಾ ಒಂದು ಕೊರಿಯರ್ ಆಫೀಸಿನಲ್ಲಿ ಫೋನು ತೆಗೆಯುತ್ತಿದ್ದಳು. ಶಿವರಾಮ ಮೆಟ್ಟಿಲು ಹತ್ತಿ ಬಂದಾಗ ಅವಳು ಬಾಗಿಲಲ್ಲೇ ಇದ್ದಳು.

"ಅಟ್ಟದ ಮ್ಯಾಲ ಡಬ್ಬಿ ತುಂಬ ಕ್ಯಾಸೆಟ್ ಇದ್ದೂರಿ ಅಣ್ಣಾರ. ಧೂಳ ಹೊಡಿಯಾಕ ಇಳಿಸಿದ್ವಿ. ಒಂದು ಹಚ್ಚಿ ನೋಡೂಣು ಅಂತ ಹಚ್ಚಿದ್ನಿರಿ. ತಪ್ಪಾತೇನ್ರಿ?"

"ಇಲ್ಲಮ್ಮ. ಎಸೀಬೇಕಾಗಿತ್ತು ಅವು. ಮರ್ತೋಗಿತ್ತು."

"ಎಸಿಯೂದಾ? ಮುಂಜಾನಿಂದ ಮೂರನೇ ಸಲ ಕೇಳಾಕತ್ತೇನ್ರಿ ನಾ." ಅವಳು ಕ್ಯಾಸೆಟ್ಟಿನ ಹೊದಿಕೆ ತೋರಿಸಿದಳು. ಅದರ ಮೇಲೆ ಪಂಪ್‌ಹೌಸ್ ಮುಂದೆ ನಿಂತ ಮೂರು ಜನ ಹುಡುಗರ ಫೋಟೋ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಕರೆಂಟು ಬಂದಾಗ' ಎಂದಿತ್ತು. "ನಡುವಿನವರು ನೀವಲ್ಲೇನ್ರಿ?"

ಶಿವರಾಮ ಹೌದೆಂದು ತಲೆಯಾಡಿಸಿದ. ಒಂದು ಕ್ಯಾಸೆಟ್ ಇಸಿದುಕೊಂಡು ಕೆಳಗಿಳಿದ.

ಆ ಫೋಟೋ ತೆಗೆದದ್ದು ತೊಂಬತ್ತನಾಲ್ಕರಲ್ಲಿ. ಆಗ ಅರೆಕೆರೆಯಲ್ಲಿ ಇನ್ನೂ ಹೊಲಗಳಿದ್ದವು. ಶಿವರಾಮನ ಅಪ್ಪ ತಿಮ್ಮರಾಯಪ್ಪ ರಾಗಿ, ಸೇವಂತಿಗೆ ಬೆಳೆಯುತ್ತಿದ್ದರು. ಬನ್ನೇರುಘಟ್ಟ ರಸ್ತೆಯ ಕಡೆಯ ಜಮೀನು ಆಗಲೇ ಲೇಔಟಿಗೆ ಹೋಗಿತ್ತು. ಅಲ್ಲಿ ಸೈಟಿನ ಕಲ್ಲುಗಳು ಎದ್ದಿದ್ದವು. ಜಯನಗರದ ಕಾಲೇಜಿಗೆ ಹೋಗುತ್ತಿದ್ದಾಗ ಶಿವರಾಮನಿಗೆ ಬನಶಂಕರಿಯ ಮರೆಪ್ಪನ ಗೆಳೆತನವಾಯಿತು. ಮರೆಪ್ಪನ ಮನೆಯಲ್ಲಿ ಒಂದು ಹಳೇ ಗಿಟಾರು, ಇಂಗ್ಲಿಷ್ ರಾಕ್ ಸಂಗೀತದ ಕ್ಯಾಸೆಟ್ಟುಗಳು ಇದ್ದವು. ಆ ಹಾಡುಗಾರರ ಮಾತು ಶಿವರಾಮನಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಅವರು ಹಾಡುವ ರೀತಿ ಮಾತ್ರ ಅವನಿಗೆ ಹೊಸದೆನಿಸಲಿಲ್ಲ. ಅವನ ತಾಯಿ ಮುನಿವೆಂಕಟಮ್ಮ ಕಳೆ ಕೀಳುವಾಗ ಹೀಗೇ ಹಾಡುತ್ತಿದ್ದಳು: ಗಂಟಲು ಒಡೆದರೂ ಚಿಂತೆಯಿಲ್ಲದೆ, ಒಂದು ಮಾತನ್ನು ಉಸಿರು ಮುಗಿಯುವ ತನಕ ಎಳೆಯುತ್ತಾ.

ಅವರು ಹೊಲದ ಪಂಪ್‌ಹೌಸಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಡ್ರಮ್ಮು ಬಾರಿಸುತ್ತಿದ್ದವನು ಪಕ್ಕದ ಬೀದಿಯ ಬೋರಯ್ಯ. ಕರೆಂಟು ಬಂದರೆ ಪಂಪ್‌ಸೆಟ್ಟೂ ಓಡುತ್ತಿತ್ತು, ಮರೆಪ್ಪನ ಆಂಪ್ಲಿಫೈಯರೂ ಓಡುತ್ತಿತ್ತು. ಕರೆಂಟು ಹೋದರೆ ಮೂವರೂ ಬದುವಿನ ಮೇಲೆ ಕೂತು ಹಾಡು ಕಟ್ಟುತ್ತಿದ್ದರು. ತಿಮ್ಮರಾಯಪ್ಪ ಬೇಡ ಎನ್ನಲಿಲ್ಲ. "ಹಾಡ್ಕೊಳ್ರಪ್ಪ. ಮೋಟ್ರು ಸುಡ್ಬೇಡಿ ಅಷ್ಟೇ," ಎಂದಿದ್ದರು.

ಹಾಗೆ ಎಂಟು ಹಾಡು ಕೂಡಿದವು. ಒಂದು ಚಿಕ್ಕ ಕಂಪನಿ ಕ್ಯಾಸೆಟ್ ತಂದಿತು. ಅಂಗಡಿಯವರಿಗೆ ಅದನ್ನು ಯಾವ ಸಾಲಿನಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಸಿನಿಮಾ ಹಾಡಲ್ಲ, ಭಾವಗೀತೆಯಲ್ಲ, ಭಕ್ತಿಗೀತೆಯಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಒಬ್ಬ ಅಂಗಡಿಯವನು ಅದನ್ನು ಜಾನಪದದ ಜೊತೆ ಇಟ್ಟ. ಕೊಂಡವರು ವಾಪಸು ತಂದು, "ಇದೇನ್ರೀ, ಗಂಟ್ಲು ಕಟ್ಟಿರೋನು ಹಾಡ್ದಂಗಿದೆ" ಎಂದರಂತೆ. ಕಂಪನಿಯವರು ಉಳಿದ ಡಬ್ಬಿಗಳನ್ನು ಶಿವರಾಮನ ಮನೆಗೇ ತಂದು ಇಳಿಸಿ ಹೋದರು. ಬೋರಯ್ಯ ಲಾರಿ ಓಡಿಸಲು ಹೋದ. ಮರೆಪ್ಪ ಮಾವನ ಅಂಗಡಿಯಲ್ಲಿ ಕೂತ.

ಎರಡು ವರ್ಷದ ಮೇಲೆ ಗ್ರಾಮದೇವತೆಯ ಹಾಡುಗಳ ಕ್ಯಾಸೆಟ್ಟಿಗೆ ಒಬ್ಬ ಗಾಯಕ ಬೇಕಾಗಿದ್ದ. "ಜೋರಾಗಿ ಹಾಡ್ಬೇಕು. ತಮಟೆ ಮೇಲೆ ಕೇಳಿಸ್ಬೇಕು," ಎಂದರು ಮಾಡಿಸುವವರು. ಶಿವರಾಮ ಜೋರಾಗಿ ಹಾಡಿದ. ಅದರಲ್ಲಿನ ಪಲ್ಲಕ್ಕಿಯ ಹಾಡು ಓಡಿತು. ಆಟೋದಲ್ಲಿ, ಟೀ ಅಂಗಡಿಯಲ್ಲಿ, ಶಾಮಿಯಾನದಲ್ಲಿ ಅದೇ ಕೇಳಿಸುತ್ತಿತ್ತು. ಜನ ಅವನನ್ನು ಪಲ್ಲಕ್ಕಿ ಶಿವರಾಮ ಎಂದು ಕರೆಯತೊಡಗಿದರು. ಪರಮಶಿವಯ್ಯನವರ ಆರ್ಕೆಸ್ಟ್ರಾ ಸೇರಿದ ಮೇಲೆ ಗಣೇಶನ ಸೀಸನ್ನು, ರಾಜ್ಯೋತ್ಸವ, ಕರಗ, ಪಲ್ಲಕ್ಕಿ ಎಂದು ವರ್ಷ ವರ್ಷಗಳು ಕಳೆದವು. ಅಪ್ಪ ತೀರಿಕೊಂಡರು. ಉಳಿದಿದ್ದ ಜಾಗದಲ್ಲಿ ಬಾಡಿಗೆ ಮನೆಗಳೆದ್ದವು. ಶ್ವೇತ ಮದುವೆಯಾಗಿ ಬಂದು ಮಕ್ಕಳಾಗುವ ಹೊತ್ತಿಗೆ ಆ ಮೊದಲ ಕ್ಯಾಸೆಟ್ಟಿನ ಮಾತನ್ನೇ ಯಾರೂ ಆಡುತ್ತಿರಲಿಲ್ಲ. ಕೇಳಿದವರಿಗೆ ಶಿವರಾಮ, "ಅದ್ ಬಿಡಿ, ಹುಡುಗಾಟ. ಚೆನ್ನಾಗಿರ್ಲಿಲ್ಲ," ಎನ್ನುತ್ತಿದ್ದ. ಹೇಳಿ ಹೇಳಿ ಅದನ್ನು ನಂಬಿಯೂ ಇದ್ದ. ಆ ನಂಬಿಕೆಯಿಂದ ಅವನಿಗೆ ಒಂದು ಬಗೆಯ ನೆಮ್ಮದಿಯಿತ್ತು. ಚೆನ್ನಾಗಿರಲಿಲ್ಲ, ಆದ್ದರಿಂದ ಓಡಲಿಲ್ಲ. ಯಾರದೂ ತಪ್ಪಲ್ಲ.

ಈಗ ಆ ನೆಮ್ಮದಿಯೇ ಕೈತಪ್ಪಿತ್ತು. ಮಾರನೇ ದಿನ ಜಯಾಳ ಟೇಪ್‌ರೆಕಾರ್ಡರ್ ಕೆಳಗೆ ತಂದು ಎಂಟೂ ಹಾಡು ಕೇಳಿದ. ತಪ್ಪು ಹುಡುಕಲೆಂದೇ ಕೂತಿದ್ದ. ಡ್ರಮ್ಮು ಎರಡು ಕಡೆ ತಾಳ ಬಿಟ್ಟು ಓಡಿಬಿಟ್ಟಿತ್ತು, ಒಂದು ಹಾಡು ವಿಪರೀತ ಉದ್ದವಾಗಿತ್ತು. ಆದರೆ ಹಾಡುಗಾರಿಕೆಯಲ್ಲಿ ಬೆರಳಿಟ್ಟು ತೋರಿಸುವಂಥ ತಪ್ಪು ಸಿಗಲಿಲ್ಲ. ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದ ಮುನಿವೆಂಕಟಮ್ಮ ಎಲ್ಲವನ್ನೂ ಕೇಳಿ ಮುಗಿಸಿದಳು.

"ಚೆಂದಾಗೈತೆ ಕಣ್ಲಾ," ಎಂದಳು. "ಆದ್ರೆ ಒಂದ್ ಸೋಜಿಗ. ದಣಿದೋನು ಹಾಡ್ದಂಗೆ ಹಾಡಿದ್ದೀಯ. ಅವಾಗ ನಿಂಗೇನ್ಲಾ ದಣಿವಿತ್ತು, ಎಳೇ ಹೈದ?"

"ಗೊತ್ತಿಲ್ಲವ್ವ."

"ಈಗ ನೋಡು, ದಣಿದು ಸತ್ತೋಗಿದ್ದೀಯ. ಕುಣಿಯೋ ಹಾಡ್ ಹಾಡ್ತೀಯ."

ಶ್ವೇತ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ್ದಳು. ಆಮೇಲೆ ಊಟಕ್ಕೆ ಬಡಿಸುವಾಗ, "ಇದು ನೀವು ಅಂತ ಹೇಳ್ದೇ ಇದ್ದಿದ್ರೆ ನಾನು ನಂಬ್ತಾ ಇರ್ಲಿಲ್ಲ" ಎಂದಳು. ಅದನ್ನು ಹೊಗಳಿಕೆಯೆಂದು ತಿಳಿಯಬೇಕೋ ಬೇಡವೋ ಶಿವರಾಮನಿಗೆ ಗೊತ್ತಾಗಲಿಲ್ಲ. ಸಾರು ಕಲಸಿಕೊಂಡು ತಲೆ ತಗ್ಗಿಸಿ ಉಂಡ.

ಅತ್ತ ಬಸವಂತ ಕ್ಯಾಸೆಟ್ಟನ್ನು ಆಫೀಸಿಗೆ ಒಯ್ದು ಹಾಡುಗಳನ್ನು ಕಂಪ್ಯೂಟರಿಗೆ ಹಾಕಿದ. ಸಿಡಿ ಮಾಡಿ ಗೆಳೆಯರಿಗೆ ಹಂಚಿದ. ಅವರಲ್ಲೊಬ್ಬ ಇಂಟರ್ನೆಟ್ಟಿನಲ್ಲಿ ಆ ಕ್ಯಾಸೆಟ್ಟಿನ ಬಗ್ಗೆ ಬರೆದ. ಮಳೆಗಾಲದ ಹೊತ್ತಿಗೆ ಶಿವರಾಮನಿಗೆ ಗೊತ್ತಿಲ್ಲದವರ ಫೋನು ಬರತೊಡಗಿದವು. ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಸಾರ್, ಇದಾದ್ಮೇಲೆ ನೀವ್ ಏನ್ ಮಾಡಿದ್ರಿ?" ಪಲ್ಲಕ್ಕಿ ಹಾಡು ಎಂದರೆ ಅವರಿಗೆ ಗೊತ್ತಿರುತ್ತಿರಲಿಲ್ಲ. ಪಲ್ಲಕ್ಕಿ ಹಾಡು ಗೊತ್ತಿದ್ದವರಿಗೆ ಈ ಹಾಡುಗಳು ಗೊತ್ತಿರುತ್ತಿರಲಿಲ್ಲ.

ಅಂಥ ಫೋನೊಂದರಲ್ಲಿ ಕಾತ್ಯಾಯಿನಿ ಎಂಬ ಹೆಂಗಸು ಮಾತಾಡಿದಳು. ಅವಳು ಜೆ.ಪಿ. ನಗರದಲ್ಲಿ ಒಂದು ಚಿಕ್ಕ ಸಭಾಂಗಣ ನಡೆಸುತ್ತಿದ್ದಳು. "ಒಂದು ಸಂಜೆ ಆ ಹಾಡುಗಳನ್ನ ಹಾಡ್ತೀರಾ ಸಾರ್? ದೊಡ್ಡ ಸ್ಟೇಜ್ ಏನಲ್ಲ. ಕೂತು ಕೇಳೋರು ಬರ್ತಾರೆ," ಎಂದಳು.

ಅವನು ಆಗಲ್ಲ ಎನ್ನಬೇಕೆಂದಿದ್ದ. ಕೂತು ಕೇಳುವವರು ಎಂಬ ಮಾತು ಅವನನ್ನು ತಡೆಯಿತು. ಹತ್ತು ವರ್ಷದಿಂದ ಅವನ ಹಾಡನ್ನು ಕೂತು ಕೇಳಿದವರೇ ಇರಲಿಲ್ಲ.

ಮರೆಪ್ಪ ಕೂರುತ್ತಿದ್ದ ಮಾವನ ನಲ್ಲಿ-ಪೈಪಿನ ಅಂಗಡಿ ಬನಶಂಕರಿ ದೇವಸ್ಥಾನದ ಹತ್ತಿರವೇ ಇತ್ತು. ಶಿವರಾಮ ಹೋದಾಗ ಅವನು ಗಿರಾಕಿಯೊಬ್ಬರಿಗೆ ಷವರ್ ತೋರಿಸುತ್ತಿದ್ದ. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ಗಿರಾಕಿ ಹೋದ ಮೇಲೆ ಶಿವರಾಮ ವಿಷಯ ಹೇಳಿದ.

"ಆ ಕ್ಯಾಸೆಟ್ ನಾನು ಆವಾಗಾವಾಗ ಕೇಳ್ತಿರ್ತೀನಿ ಮಗಾ," ಎಂದ ಮರೆಪ್ಪ. "ಸಖತ್ತಾಗಿದೆ. ನಾವು ಅಷ್ಟ್ ಚೆನ್ನಾಗ್ ಮಾಡಿದ್ವಿ ಅಂತ ನಂಗೇ ನಂಬಕ್ಕಾಗಲ್ಲ."

"ಮತ್ತೆ ನಂಗ್ಯಾಕೋ ಒಂದ್ ಮಾತು ಹೇಳ್ಲಿಲ್ಲ?"

ಮರೆಪ್ಪ ಕೌಂಟರಿನ ಮೇಲಿದ್ದ ನಲ್ಲಿಯನ್ನು ತಿರುಗಿಸುತ್ತಾ ಕೂತ. "ನಿನ್ ಪಲ್ಲಕ್ಕಿ ಹಾಡು ಓಡ್ತಾ ಇತ್ತಲ್ಲಪ್ಪ. ಓಡೋ ಗಾಡಿಗೆ ಅಡ್ಡ ಯಾಕ್ ಬರ್ಲಿ ಅಂತ ಸುಮ್ನಿದ್ದೆ."

ಶಿವರಾಮನಿಗೆ ಸಿಟ್ಟು ಬಂತು. ಅದನ್ನು ಆಡಿ ತೋರಿಸುವಷ್ಟು ತ್ರಾಣ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಮರೆಪ್ಪ ತರಿಸಿದ ಟೀ ಕುಡಿದ. ಟೀ ಮುಗಿದ ಮೇಲೆ ಮರೆಪ್ಪನೇ, "ಗಿಟಾರಿಗೆ ತಂತಿ ಹಾಕಿಸ್ಬೇಕು. ಹಾಕಿಸ್ತೀನಿ, ಬಿಡು" ಎಂದ. ಬೋರಯ್ಯ ಲಾರಿ ಜೊತೆ ಊರೂರು ಸುತ್ತುತ್ತಿದ್ದುದರಿಂದ ಅವನು ಬರುವ ಹಾಗಿರಲಿಲ್ಲ.

ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ಐವತ್ತು ಅರವತ್ತು ಜನರಿದ್ದರು. ಹೆಚ್ಚಿನವರು, ಕ್ಯಾಸೆಟ್ ಬಂದಾಗ ಇನ್ನೂ ಸ್ಕೂಲಿನಲ್ಲಿದ್ದಂಥವರು. ಜಯಾ, ಬಸವಂತ ಮುಂದೆ ಕೂತಿದ್ದರು. ಶ್ವೇತ ಅತ್ತೆಯನ್ನು ಕರೆತಂದು ಫ್ಯಾನಿನ ಕೆಳಗೆ ಕೂರಿಸಿದ್ದಳು. ಶಿವರಾಮನಿಗೆ ಜರಿ ಅಂಗಿಯಿಲ್ಲದೆ, ಕೀಬೋರ್ಡಿನ ಗದ್ದಲವಿಲ್ಲದೆ ಮೈಕಿನ ಮುಂದೆ ನಿಲ್ಲುವುದೇ ಕಷ್ಟವಾಯಿತು. ಮೊದಲ ಹಾಡನ್ನು ಅಭ್ಯಾಸಬಲದಿಂದ ಜೋರಾಗಿ ಎತ್ತಿಕೊಂಡು ಕೆಡಿಸಿದ. ಎರಡನೆಯದು ಹೇಗೋ ನಡೆಯಿತು. ಮೂರನೆಯದು, ಕಲ್ಲು ನೆಟ್ಟ ಹೊಲದ ಹಾಡು. ಅದರಲ್ಲಿ ದನಿ ಮೇಲೆ ಹೋಗಿ ಅಲ್ಲೇ ನಿಲ್ಲಬೇಕಾದ ಒಂದು ಜಾಗವಿತ್ತು. ಅಲ್ಲಿಗೆ ಬಂದಾಗ ಗಂಟಲಿನಿಂದ ಬರೀ ಗಾಳಿ ಬಂತು.

ಅವನು ನಿಲ್ಲಿಸಿದ. ಮರೆಪ್ಪನೂ ಇನ್ನೆರಡು ತಂತಿ ಮೀಟಿ ಕೈ ತೆಗೆದ.

"ಕ್ಷಮಿಸ್ಬೇಕು," ಎಂದ ಶಿವರಾಮ. "ಇದಕ್ಕಿಂತ ಮೇಲೆ ನಂಗೆ ಹೋಗಕ್ಕಾಗಲ್ಲ. ಆ ದನಿ ಇದ್ದ ಕಾಲದಲ್ಲಿ ಯಾರೂ ಕೇಳ್ಲಿಲ್ಲ. ನೀವು ಕೇಳೋ ಹೊತ್ಗೆ ಅದು ಇಲ್ಲ."

ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಿ ಹುರಿದುಂಬಿಸಲೂ ಇಲ್ಲ. ಅವನಿಗೆ ಅದೇ ಒಳ್ಳೆಯದೆನಿಸಿತು. ಮರೆಪ್ಪ ಬಗ್ಗಿ, "ಶ್ರುತಿ ಎರಡು ಮನೆ ಕೆಳಗಿಳಿಸ್ತೀನಿ. ಮೆಲ್ಲಗೆ ಹಾಡು," ಎಂದ. ಶಿವರಾಮ ಕುರ್ಚಿ ಎಳೆದುಕೊಂಡು ಕೂತು ಮತ್ತೆ ಶುರುಮಾಡಿದ. ಈ ಸಲ ಮೇಲೆ ಹೋಗುವ ಪ್ರಯತ್ನವನ್ನೇ ಮಾಡಲಿಲ್ಲ. ಮಾತಾಡಿದ ಹಾಗೆ ಹಾಡಿದ. ಆ ಎತ್ತರದ ಜಾಗ ಬಂದಾಗ ದನಿಯನ್ನು ಹಿಂದಕ್ಕೆ ತೆಗೆದುಕೊಂಡುಬಿಟ್ಟ. ಅಲ್ಲಿ ಗಿಟಾರೊಂದೇ ಉಳಿಯಿತು. ಹಾಡು ಮುಗಿದಾಗ ಅವನ ಬೆನ್ನು ಪೂರ್ತಿ ಬೆವೆತಿತ್ತು.

"ಕ್ಯಾಸೆಟ್ಟಿನಂಗ ಆಗಲಿಲ್ರಿ ಅಣ್ಣಾರ," ಎಂದಳು ಜಯಾ ಆಮೇಲೆ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಆದ್ರ ಕಡೀದ್ದು ನನಗ ಬಾಳ ಸೇರ್ತು."

ಅಂದು ಹಾಡಿದ್ದರಿಂದ ಅವನ ಬದುಕೇನೂ ತಿರುಗಲಿಲ್ಲ. ಯಾವ ಕಂಪನಿಯೂ ಕ್ಯಾಸೆಟ್ಟನ್ನು ಮತ್ತೆ ತರಲಿಲ್ಲ. ಫೋನು ಕೆಲವು ತಿಂಗಳು ಬಂದವು, ಆಮೇಲೆ ಕಡಿಮೆಯಾದವು. ಶಿವರಾಮ ಮತ್ತೊಂದು ಗಣೇಶನ ಸೀಸನ್ನು ಹಾಡಿದ. ಮಾತು ಕೊಟ್ಟಿದ್ದನಲ್ಲ, ಅದಕ್ಕೆ. ಅದು ಮುಗಿಯುವ ಹೊತ್ತಿಗೆ ಡಾಕ್ಟರು ಗಂಟಲಿನಲ್ಲಿ ಗಂಟಾಗಿದೆ, ಆಪರೇಷನ್ ಆಗಬೇಕು ಎಂದರು. ಅವನು ಪರಮಶಿವಯ್ಯನವರ ಮನೆಗೆ ಹೋಗಿ, ಇನ್ನು ಆರ್ಕೆಸ್ಟ್ರಾಗೆ ಬರಲಾರೆ ಎಂದು ಹೇಳಿದ.

ಪರಮಶಿವಯ್ಯನವರು ಒಳ್ಳೆಯ ಮನುಷ್ಯ. ಬೇಸರ ಮಾಡಿಕೊಳ್ಳಲಿಲ್ಲ. "ನಿನ್ ಆರೋಗ್ಯ ನೋಡ್ಕೋಪ್ಪ ಮೊದ್ಲು," ಎಂದರು. "ತುಮಕೂರಿನೋನೊಬ್ಬ ಇದ್ದಾನೆ. ಥೇಟ್ ನಿನ್ನಂಗೇ ಹಾಡ್ತಾನೆ. ಜನಕ್ಕೆ ಗೊತ್ತೂ ಆಗಲ್ಲ."

"ಒಳ್ಳೇದಾಯ್ತು ಬಿಡಿ ಅಣ್ಣ," ಎಂದ ಶಿವರಾಮ. ಆ ಮಾತು ಚುಚ್ಚುತ್ತದೆ ಎಂದುಕೊಂಡಿದ್ದ. ಚುಚ್ಚಲಿಲ್ಲ. ತಲೆಯ ಮೇಲಿನ ಹೊರೆಯನ್ನು ಯಾರೋ ಕೈ ಕೊಟ್ಟು ಇಳಿಸಿದ ಹಾಗಾಯಿತು. ಬಸ್ಸು ಹಿಡಿದು ಮನೆಗೆ ಬಂದು, ಮುದ್ದೆ ಉಂಡು, ಮಕ್ಕಳಿಗಿಂತ ಮೊದಲೇ ಹಾಸಿಗೆ ಸೇರಿದ. ಬೆಳಗ್ಗೆ ಬಿಸಿಲು ಮಂಚದ ತನಕ ಬಂದರೂ ಶ್ವೇತ ಅವನನ್ನು ಎಬ್ಬಿಸಲಿಲ್ಲ.